ಹಿಪ್ಪೆಯ ಲೆಕ್ಕ: ಒಂದು ಗ್ಲಾಸ್ ಜ್ಯೂಸ್‌ನ ಹಿಸ್ಟರಿ

1/9 · ಅಪ್ಪನ ಪ್ರಶ್ನೆ

ಹಾಸನದಲ್ಲಿ ನಮ್ಮದೊಂದು ಜ್ಯೂಸ್ ಅಂಗಡಿ ಇರೋದು ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಕಾಲೇಜ್ ಮುಗಿಸಿ ಸಂಜೆ ನಾನು ಗಲ್ಲಾದಲ್ಲಿ ಕೂತಿರೋದನ್ನ ನೋಡಿ "ಓನರ್ ಮೇಡಂ" ಅಂತ ರೇಗಿಸಿದವರೂ ಇದ್ದೀರಿ. ನನ್ನ ಬಿಕಾಂ ಫೀಸು, ಈ ಕ್ಯಾಪ್ಷನ್ ಟೈಪ್ ಮಾಡ್ತಿರೋ ಫೋನು, ಎರಡೂ ಮೂಸಂಬಿ ಹಿಂಡಿದ ದುಡ್ಡಿನಲ್ಲೇ ಬಂದದ್ದು. ಹಾಗಾಗಿ ಈ ಸಲದ ಹಿಸ್ಟರಿ ಸೀರೀಸ್ ಬರೆಯೋದು ನನಗೆ ಸ್ವಲ್ಪ ಕಷ್ಟ.

ಹೋದ ವರ್ಷ ಶ್ರಾವಣದಲ್ಲಿ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯ್ತು. ವಯಸ್ಸು 51. ಬೆಳಗ್ಗೆ ಅಂಗಡಿ ಶಟರ್ ಎತ್ತುವಾಗ ಎದೆ ಹಿಡ್ಕೊಂಡು ಕೂತುಬಿಟ್ಟರು. ಪಕ್ಕದ ಮೊಬೈಲ್ ಅಂಗಡಿ ಅಣ್ಣ ಆಸ್ಪತ್ರೆಗೆ ಕರ್ಕೊಂಡು ಹೋದರು. ಒಂದು ಸ್ಟೆಂಟ್ ಹಾಕಿದರು. ಈಗ ಚೆನ್ನಾಗಿದ್ದಾರೆ.

ಡಿಸ್ಚಾರ್ಜ್ ದಿನ ಡಾಕ್ಟರ್ ಹೇಳಿದ ಮಾತುಗಳಲ್ಲಿ ಎರಡು ನನಗೆ ಸರಿಯಾಗಿ ನೆನಪಿವೆ. "ಹಣ್ಣು ದಿನಾ ತಿನ್ನಿ. ಜ್ಯೂಸ್ ಕಡಿಮೆ ಮಾಡಿ." ಅವರು ಹಾಗೆ ಹೇಳುವಾಗ ಮಂಚದ ಪಕ್ಕದ ಟೇಬಲ್ ಮೇಲೆ ನೋಡೋಕೆ ಬಂದವರು ತಂದಿಟ್ಟ ಜ್ಯೂಸ್ ಪ್ಯಾಕೆಟ್ ಆರು ಇದ್ದವು.

ಮನೆಗೆ ಬರೋ ದಾರಿಯಲ್ಲಿ ಅಪ್ಪ ಕೇಳಿದರು: "ಅಲ್ಲ ಪುಟ್ಟಿ, ಇಪ್ಪತ್ತೆರಡು ವರ್ಷದಿಂದ ಹಣ್ಣನ್ನೇ ಅಲ್ವಾ ಹಿಂಡಿ ಕೊಡ್ತಿರೋದು? ಬಣ್ಣ ಹಾಕಿಲ್ಲ, ಎಸೆನ್ಸ್ ಹಾಕಿಲ್ಲ. ಹಣ್ಣು ಒಳ್ಳೇದಾದ್ರೆ ಅದರ ರಸ ಹೇಗೆ ಕೆಟ್ಟದ್ದಾಗುತ್ತೆ?"

ನನ್ನ ಹತ್ರ ಉತ್ತರ ಇರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಅಪ್ಪನಿಗೆ ಜ್ಯೂಸ್‌ನಿಂದಲೇ ಹೀಗಾಯ್ತು ಅಂತ ನಾನು ಹೇಳ್ತಿಲ್ಲ. ಇಪ್ಪತ್ತು ವರ್ಷ ಬೀಡಿ ಸೇದಿದ್ದಾರೆ. ಬಿಪಿ ಮಾತ್ರೆ ನೆನಪಾದ ದಿನ ಮಾತ್ರ ತಗೊಳ್ತಿದ್ದರು. ತಾತನಿಗೂ ಹಾರ್ಟ್ ತೊಂದರೆ ಇತ್ತು. ಆದರೂ ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕ್ತಾ ಹೋದರೆ ಅದು ಮೆಡಿಕಲ್ ಪುಸ್ತಕಕ್ಕಿಂತ ಹೆಚ್ಚಾಗಿ ವ್ಯಾಪಾರದ ಚರಿತ್ರೆಯಲ್ಲಿ ಸಿಕ್ಕಿತು. ಅಂದರೆ ನಮ್ಮ ಸಬ್ಜೆಕ್ಟ್‌ನಲ್ಲೇ. ಬನ್ನಿ.

2/9 · ಹಡಗಿನ 12 ಜನ

ಹಣ್ಣಿಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಪ್ರಯೋಗ ಮಾಡಿ ತೋರಿಸಿದ ಮೊದಲ ಹೆಸರುವಾಸಿ ಘಟನೆ ನಡೆದದ್ದು ಸಮುದ್ರದ ಮೇಲೆ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲಿಸ್‌ಬರಿ ಅನ್ನೋ ಹಡಗಿನಲ್ಲಿ.

ಆಗ ದೀರ್ಘ ಪ್ರಯಾಣದ ನಾವಿಕರನ್ನು ಯುದ್ಧಕ್ಕಿಂತ ಹೆಚ್ಚು ಕೊಲ್ಲುತ್ತಿದ್ದದ್ದು ಸ್ಕರ್ವಿ. ವಸಡು ಊದಿ ರಕ್ತ ಬರುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ಹಳೆಯ ಗಾಯ ಮತ್ತೆ ಬಾಯಿ ಬಿಡುತ್ತಿತ್ತು. ಹಡಗಿನ ವೈದ್ಯ ಜೇಮ್ಸ್ ಲಿಂಡ್, ಒಂದೇ ಥರ ಕಾಯಿಲೆ ಇದ್ದ 12 ಜನರನ್ನು ಆರಿಸಿ ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಊಟ ಒಂದೇ, ಔಷಧಿ ಮಾತ್ರ ಬೇರೆ ಬೇರೆ. ಒಂದು ಜೋಡಿಗೆ ಸೈಡರ್, ಒಂದಕ್ಕೆ ವಿನಿಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ. ಒಂದು ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ.

ಆರು ದಿನಕ್ಕೆ ಹಡಗಿನ ಹಣ್ಣು ಮುಗಿದೇ ಹೋಯ್ತು. ಅಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಮರಳುವಷ್ಟು ಸುಧಾರಿಸಿದ್ದ. ಇನ್ನೊಬ್ಬನೂ ಚೇತರಿಸಿಕೊಂಡು ಉಳಿದವರ ಆರೈಕೆಗೆ ನಿಂತ.

ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸಿ. ಆ ನಾವಿಕರಿಗೆ ಕೊಟ್ಟದ್ದು ತಿನ್ನೋಕೆ ಹಣ್ಣು, ಕುಡಿಯೋಕೆ ಗ್ಲಾಸ್ ಅಲ್ಲ.

ಆದರೆ ಹಣ್ಣು ತಿಂಗಳುಗಟ್ಟಲೆ ಹಡಗಿನಲ್ಲಿ ಉಳಿಯಲ್ಲವಲ್ಲ. ಅದಕ್ಕೆ ಲಿಂಡ್ ರಸವನ್ನು ಕಾಯಿಸಿ ಗಟ್ಟಿ ಮಾಡಿ ಬಾಟಲಿಗೆ ತುಂಬೋ ವಿಧಾನ ಸೂಚಿಸಿದ. ಅದಕ್ಕೆ 'ರಾಬ್' ಅನ್ನುತ್ತಿದ್ದರು. ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಕಾರಣ ಈಗ ಗೊತ್ತು: ಸ್ಕರ್ವಿ ತಡೆಯುವುದು ವಿಟಮಿನ್ ಸಿ, ಕಾಯಿಸಿದರೆ ಅದು ಹಾಳಾಗುತ್ತೆ. ಕೊನೆಗೆ 1795ರಲ್ಲಿ ನೌಕಾಪಡೆ ನಾವಿಕರಿಗೆ ಕಾಯಿಸದ ನಿಂಬೆರಸ ಕೊಡೋಕೆ ಶುರು ಮಾಡಿತು. ಸ್ಕರ್ವಿ ಇಳಿಯಿತು.

ಅಂದರೆ ಸ್ಕರ್ವಿ ವಿಷಯದಲ್ಲಿ ಅಪ್ಪನ ಮಾತೇ ಸರಿ: ಹಣ್ಣಾದರೂ ಒಂದೇ, ರಸವಾದರೂ ಒಂದೇ. ಜ್ಯೂಸ್‌ಗೆ ಔಷಧಿ ಅನ್ನೋ ಹೆಸರು ಬಂದದ್ದು ಇಲ್ಲಿಂದ. ಬೇರೆ ಕಾಯಿಲೆಗಳಿಗೂ ಅದೇ ಹೆಸರು ಹೇಗೆ ಅಂಟಿಕೊಂಡಿತು ಅನ್ನೋದು ಮುಂದಿನ ಕಥೆ.

3/9 · ಬೆಳೆ ಜಾಸ್ತಿಯಾದಾಗ

ಹಿಂಡಿದ ರಸ ಇಟ್ಟರೆ ಹುಳಿ ಬರುತ್ತೆ. ನಮ್ಮ ಅಂಗಡಿಯಲ್ಲಿ ಬೇಸಿಗೆಯಲ್ಲಿ ಮೂರು ಗಂಟೆ ಸಾಕು. ಹಾಗಾಗಿ ನೂರೈವತ್ತು ವರ್ಷದ ಹಿಂದೆ ಜ್ಯೂಸ್ ಅನ್ನೋದು ಅಂಗಡಿಯ ಶೆಲ್ಫ್‌ನಲ್ಲಿ ಇಡುವ ಸರಕೇ ಆಗಿರಲಿಲ್ಲ.

1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಅನ್ನೋ ಡೆಂಟಿಸ್ಟ್ ದ್ರಾಕ್ಷಿ ರಸವನ್ನು ಬಾಟಲಿಗೆ ತುಂಬಿ, ಬಿಸಿ ಮಾಡಿ, ಹುಳಿ ಬರದಂತೆ ಉಳಿಸಿದ. ಪಾಶ್ಚರ್ ತೋರಿಸಿದ್ದ ವಿಧಾನ ಅದು. ಉದ್ದೇಶ ಆರೋಗ್ಯವಲ್ಲ. ಮದ್ಯಪಾನ ವಿರೋಧಿಯಾಗಿದ್ದ ಆತನಿಗೆ ಚರ್ಚ್‌ನಲ್ಲಿ ವೈನ್ ಬದಲು ಕೊಡೋಕೆ ಅಮಲಿಲ್ಲದ ಪಾನೀಯ ಬೇಕಿತ್ತು. ಬಾಟಲಿ ಜ್ಯೂಸ್ ವ್ಯಾಪಾರದ ಬೀಜ ಬಿದ್ದದ್ದು ಹೀಗೆ.

ಕಿತ್ತಳೆಯ ಕಥೆ ಬೇರೆ. ರೈಲು ಬಂದ ಮೇಲೆ ಕ್ಯಾಲಿಫೋರ್ನಿಯಾದ ರೈತರು ಎಕರೆಗಟ್ಟಲೆ ಕಿತ್ತಳೆ ಹಾಕಿದರು. 20ನೇ ಶತಮಾನದ ಆರಂಭಕ್ಕೆ ಬೆಳೆ ಎಷ್ಟು ಜಾಸ್ತಿಯಾಯ್ತು ಅಂದರೆ ಬೆಲೆ ಕುಸಿಯಿತು, ಮರ ಕಡಿಯೋ ಮಾತೂ ಬಂತು. ಆಗ ಅಲ್ಲಿನ ಬೆಳೆಗಾರರ ಸಹಕಾರ ಸಂಘ, ಕ್ಯಾಲಿಫೋರ್ನಿಯಾ ಫ್ರೂಟ್ ಗ್ರೋವರ್ಸ್ ಎಕ್ಸ್‌ಚೇಂಜ್, ಲಾರ್ಡ್ ಅಂಡ್ ಥಾಮಸ್ ಅನ್ನೋ ಜಾಹೀರಾತು ಕಂಪನಿಯ ಬಾಗಿಲಿಗೆ ಹೋಯಿತು. ಅದರ ಯಜಮಾನ ಆಲ್ಬರ್ಟ್ ಲಾಸ್ಕರ್. 1908ರ ಹೊತ್ತಿಗೆ ಆ ಹಣ್ಣುಗಳಿಗೆ 'ಸನ್‌ಕಿಸ್ಟ್' ಅನ್ನೋ ಬ್ರ್ಯಾಂಡ್ ಹೆಸರು ಬಂತು.

ಇದು ಅಮೆರಿಕದ ರೈತರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಬೇಗ ಕೆಡುವ ಹಣ್ಣು ಬೆಳೆಯುವ ಎಲ್ಲರ ಕಷ್ಟವೂ ಇದೇ. ನಾವೆಲ್ಲ ಹಣ್ಣು ತಗೊಳ್ಳೋ ಹಾಪ್‌ಕಾಮ್ಸ್ ಹುಟ್ಟಿದ್ದೂ 1959ರಲ್ಲಿ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ.

ಈಗ ನೀವೇ ಲಾಸ್ಕರ್ ಜಾಗದಲ್ಲಿ ನಿಂತು ಯೋಚನೆ ಮಾಡಿ. ಗೋಡೌನ್ ತುಂಬ ಕಿತ್ತಳೆ. ಒಬ್ಬ ಮನುಷ್ಯ ಕೂತು ಸಿಪ್ಪೆ ಸುಲಿದು ಎಷ್ಟು ತಿಂದಾನು? ಒಂದು. ತುಂಬಾ ಇಷ್ಟ ಅಂದರೆ ಎರಡು. ಮಾರ್ಕೆಟಿಂಗ್ ಕ್ಲಾಸ್‌ನಲ್ಲಿ ಈ ಪ್ರಶ್ನೆ ಬಂದರೆ ಏನು ಬರೀತೀರಿ?

4/9 · ಕಿತ್ತಳೆ ಕುಡಿಯಿರಿ

ಲಾಸ್ಕರ್ ಕಂಪನಿಯ ಉತ್ತರ: ತಿನ್ನಿಸಬೇಡಿ, ಕುಡಿಸಿ. ಒಂದು ಗ್ಲಾಸ್ ಜ್ಯೂಸ್‌ಗೆ ಎರಡು ಮೂರು ಹಣ್ಣು ಬೇಕು. ಹಾಗಾಗಿ ಗಿರಾಕಿ ಅದೇ, ಆದರೆ ಖರ್ಚಾಗೋ ಹಣ್ಣು ಎರಡು ಮೂರು ಪಟ್ಟು. 1916ರಿಂದ 'ಕಿತ್ತಳೆ ಕುಡಿಯಿರಿ' ಅನ್ನೋ ಜಾಹೀರಾತು ಅಮೆರಿಕದ ಪತ್ರಿಕೆಗಳಲ್ಲಿ ಓಡಿತು. ಮನೆಯಲ್ಲೇ ಹಿಂಡೋಕೆ ಗಾಜಿನ ಹಿಂಡುಬಟ್ಟಲನ್ನೂ ಸನ್‌ಕಿಸ್ಟ್ ಹೆಸರಿನಲ್ಲೇ ಅಗ್ಗಕ್ಕೆ ಮಾರಿದರು. ಇವತ್ತು ಹಳೇ ಸಾಮಾನು ಸಂಗ್ರಹಿಸುವವರ ಹತ್ರ ಅವು ಇನ್ನೂ ಇವೆ.

ಇದೇ ಕಾಲಕ್ಕೆ ವಿಜ್ಞಾನದಿಂದ ಒಂದು ಹೊಸ ಪದ ಬಂತು. 1912ರಲ್ಲಿ ಕ್ಯಾಸಿಮಿರ್ ಫಂಕ್ 'ವಿಟಮಿನ್' ಅಂದ. ಕಣ್ಣಿಗೆ ಕಾಣದ, ರುಚಿ ಗೊತ್ತಾಗದ, ಆದರೆ ಇಲ್ಲದಿದ್ದರೆ ಸಾಯುವಂಥ ವಸ್ತು. ಜಾಹೀರಾತಿಗೆ ಇದಕ್ಕಿಂತ ಒಳ್ಳೆ ಸರಕು ಎಲ್ಲಿ ಸಿಗುತ್ತೆ? ತಾಯಂದಿರಿಗೆ 'ನಿಮ್ಮ ಮಗುವಿಗೆ ಸಾಕಷ್ಟು ವಿಟಮಿನ್ ಸಿಗ್ತಿದೆಯಾ?' ಅಂತ ಕೇಳಿದರೆ ಸಾಕು, ಉತ್ತರ ಯಾರಿಗೂ ಗೊತ್ತಿಲ್ಲ, ಭಯ ಎಲ್ಲರಿಗೂ ಇದೆ.

1920ರ ದಶಕದಲ್ಲಿ ಇನ್ನೊಂದು ಭಯ ಸೇರಿತು. ಎಲ್ಮರ್ ಮೆಕಾಲಮ್ ಅನ್ನೋ ದೊಡ್ಡ ಆಹಾರ ವಿಜ್ಞಾನಿ, ಮಾಂಸ ಮತ್ತು ಬ್ರೆಡ್ಡಿನಂಥ ಆಹಾರ ಜಾಸ್ತಿ ತಿಂದರೆ ದೇಹದಲ್ಲಿ ಆಮ್ಲ ಹೆಚ್ಚಾಗುತ್ತೆ ಅಂತ ಪ್ರಚಾರ ಮಾಡಿದ. ಹೆಸರು 'ಆಸಿಡೋಸಿಸ್'. ಸುಸ್ತು, ಆಲಸ್ಯ ಎಲ್ಲಕ್ಕೂ ಅದೇ ಕಾರಣ ಅಂತ ಜನ ನಂಬಿದರು. ಸನ್‌ಕಿಸ್ಟ್ ತಕ್ಷಣ ಅದನ್ನ ಹಿಡಿದುಕೊಂಡಿತು: ಪರಿಹಾರ ಕಿತ್ತಳೆ! ನಿಜವಾದ ಆಸಿಡೋಸಿಸ್ ಗಂಭೀರ ಸ್ಥಿತಿಯೇ. ಆದರೆ ಆರೋಗ್ಯವಂತರಲ್ಲಿ ರಕ್ತದ ಆಮ್ಲ ಪ್ರಮಾಣವನ್ನ ಶ್ವಾಸಕೋಶ ಮತ್ತು ಕಿಡ್ನಿಗಳೇ ನೋಡ್ಕೊಳ್ಳುತ್ತವೆ. ಬ್ರೆಡ್ ತಿಂದು ಯಾರಿಗೂ ಅದು ಬರಲ್ಲ.

ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಓದಿದ್ದೀವಲ್ಲ? ಒಂದು ಹೆಸರು ಸಂಪಾದಿಸಿದ ನಂಬಿಕೆಗೂ ಬೆಲೆ ಇದೆ, ಅದನ್ನ ಇನ್ನೊಬ್ಬರಿಗೆ ವರ್ಗಾಯಿಸಬಹುದು. ಇಲ್ಲಿ ಆದದ್ದು ಅದೇ. ಹಣ್ಣು ಸಂಪಾದಿಸಿದ ಗುಡ್‌ವಿಲ್ ಅನ್ನು ಜ್ಯೂಸ್‌ನ ಖಾತೆಗೆ ಬರೆದರು. ಸ್ಕರ್ವಿ ಮಟ್ಟಿಗೆ ಆ ವರ್ಗಾವಣೆ ಸರಿಯಾಗಿತ್ತು. ಉಳಿದದ್ದಕ್ಕೆ ವೌಚರ್ ಇರಲಿಲ್ಲ.

5/9 · 1948ರಲ್ಲಿ ಎರಡು ಘಟನೆ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ರೇಷನ್ ಪೊಟ್ಟಣದಲ್ಲಿ ವಿಟಮಿನ್ ಸಿಗಾಗಿ ನಿಂಬೆ ಪುಡಿ ಇಡುತ್ತಿದ್ದರು. ರುಚಿ ಎಷ್ಟು ಕೆಟ್ಟದಾಗಿತ್ತು ಅಂದರೆ ಸೈನಿಕರು ಅದನ್ನ ಎಸೀತಿದ್ದರು. ಕುಡಿಯೋ ಹಾಗಿರುವ, ಸಾಗಿಸೋಕೆ ಸುಲಭವಾದ ಜ್ಯೂಸ್ ಬೇಕಿತ್ತು.

ಫ್ಲಾರಿಡಾದಲ್ಲಿ ಲೂಯಿಸ್ ಮೆಕ್‌ಡೊವೆಲ್, ಎಡ್ವಿನ್ ಮೂರ್, ಸೆಡ್ರಿಕ್ ಅಟ್ಕಿನ್ಸ್ ಅನ್ನೋ ಮೂವರು ದಾರಿ ಕಂಡುಹಿಡಿದರು. ಗಾಳಿ ತೆಗೆದ ಪಾತ್ರೆಯಲ್ಲಿ ಕಡಿಮೆ ಬಿಸಿಯಲ್ಲೇ ರಸದ ನೀರನ್ನು ಆವಿ ಮಾಡಿ ಗಟ್ಟಿ ಮಾಡೋದು. ಆಗ ಹಾರಿಹೋದ ಸುವಾಸನೆ ವಾಪಸ್ ತರೋಕೆ ಸ್ವಲ್ಪ ತಾಜಾ ರಸ ಬೆರೆಸೋದು. ಆಮೇಲೆ ಫ್ರೀಜ್ ಮಾಡೋದು. ಲಿಂಡ್‌ನ ರಾಬ್ ಸೋತ ಜಾಗದಲ್ಲಿ ಇದು ಗೆದ್ದಿತು. 1948ರಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಸೈನಿಕರಿಗಾಗಿ ಶುರುವಾದದ್ದು ಮನೆಗಳ ಬೆಳಗಿನ ತಿಂಡಿ ಟೇಬಲ್‌ಗೆ ಬಂತು. ಮಿನಿಟ್ ಮೇಡ್ ಬ್ರ್ಯಾಂಡ್ ಬೆಳೆದದ್ದು ಇದರ ಮೇಲೇ. 1960ರಲ್ಲಿ ಅದನ್ನ ಕೋಕಾ ಕೋಲಾ ಕೊಂಡುಕೊಂಡಿತು. ಫ್ಲಾರಿಡಾದಲ್ಲೇ 1947ರಲ್ಲಿ ಶುರುವಾದ ಟ್ರಾಪಿಕಾನಾ 1998ರಲ್ಲಿ ಪೆಪ್ಸಿಕೋ ಪಾಲಾಯಿತು.

ಅದೇ 1948ರಲ್ಲಿ ಇನ್ನೊಂದು ಕೆಲಸ ಶುರುವಾಯ್ತು. ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಯಾಕೆ ಇಷ್ಟು ಜಾಸ್ತಿ ಆಗ್ತಿದೆ ಅಂತ ತಿಳಿಯೋಕೆ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಿನ 5,209 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ. ಇವತ್ತು ನಾವು ಸಲೀಸಾಗಿ ಹೇಳೋ ಬಿಪಿ, ಕೊಲೆಸ್ಟ್ರಾಲ್, ಸಿಗರೇಟ್ ಮತ್ತು ಹಾರ್ಟ್‌ನ ಸಂಬಂಧ ಗಟ್ಟಿಯಾದದ್ದು ಇಂಥ ಅಧ್ಯಯನಗಳಿಂದ. ಅಲ್ಲಿಂದ ಮುಂದಿನ ದಶಕಗಳಲ್ಲಿ ಎಲ್ಲರ ಕಣ್ಣೂ ಕೊಬ್ಬಿನ ಮೇಲೆ ಬಿತ್ತು. ಬೆಣ್ಣೆ, ಮೊಟ್ಟೆ, ಮಾಂಸ ಅಪರಾಧಿ ಸ್ಥಾನದಲ್ಲಿ ನಿಂತವು.

ಜ್ಯೂಸ್‌ನಲ್ಲಿ ಕೊಬ್ಬು ಇದೆಯಾ? ಇಲ್ಲ. ಕೊಲೆಸ್ಟ್ರಾಲ್? ಸೊನ್ನೆ. ಹಾಗಾಗಿ ಯಾರೂ ಅದನ್ನ ತಡೆದು ನಿಲ್ಲಿಸಿ ಕೇಳಲಿಲ್ಲ. ಆಹಾರ ಸಲಹೆಗಳಲ್ಲೂ ಒಂದು ಸಣ್ಣ ಗ್ಲಾಸ್ ಜ್ಯೂಸ್ ಅಂದರೆ ಒಂದು ಪಾಲು ಹಣ್ಣು ಅಂತಲೇ ಲೆಕ್ಕ ಹಿಡಿದರು.

6/9 · ಬ್ರಿಸ್ಟಲ್‌ನ ಸೇಬು

ಆ ಪ್ರಶ್ನೆಯನ್ನು ನೇರವಾಗಿ ಕೇಳಿದವರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯ ಕೆನೆತ್ ಹೀಟನ್ ಮತ್ತು ಜೊತೆಗಾರರು ಮುಖ್ಯ. 1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಪ್ರಯೋಗ ಎಷ್ಟು ಸರಳ ಅಂದರೆ ಅಪ್ಪನಿಗೆ ಹೇಳಿದ ತಕ್ಷಣ ಅರ್ಥವಾಯ್ತು.

ಆರೋಗ್ಯವಂತರು 10 ಜನ. ಅವರಿಗೆ ಬೇರೆ ಬೇರೆ ದಿನ ಸೇಬನ್ನು ಮೂರು ರೂಪದಲ್ಲಿ ಕೊಟ್ಟರು: ಇಡೀ ಹಣ್ಣು, ನುಣ್ಣಗೆ ಅರೆದ ಹಣ್ಣು, ನಾರಿಲ್ಲದ ಜ್ಯೂಸ್. ಮೂರರಲ್ಲೂ ಕಾರ್ಬೋಹೈಡ್ರೇಟ್ ಲೆಕ್ಕ ಹಾಕಿ ಸಮ ಮಾಡಿದ್ದು, 60 ಗ್ರಾಂ.

ಫಲಿತಾಂಶ ನೋಡಿ.

ಒಂದು: ಜ್ಯೂಸ್ ಅನ್ನು ಇಡೀ ಹಣ್ಣಿಗಿಂತ 11 ಪಟ್ಟು ಬೇಗ ಮುಗಿಸಬಹುದಿತ್ತು. ಅರೆದದ್ದಕ್ಕಿಂತ 4 ಪಟ್ಟು ಬೇಗ.

ಎರಡು: ತಿನ್ನೋ ವೇಗ ಒಂದೇ ಮಾಡಿದಾಗಲೂ ಹೊಟ್ಟೆ ತುಂಬಿದ ತೃಪ್ತಿ ಇಡೀ ಹಣ್ಣಿನಿಂದ ಹೆಚ್ಚು, ಅರೆದದ್ದರಿಂದ ಕಡಿಮೆ, ಜ್ಯೂಸ್‌ನಿಂದ ಇನ್ನೂ ಕಡಿಮೆ.

ಮೂರು: ರಕ್ತದ ಸಕ್ಕರೆ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಏರಿತು. ಆದರೆ ಜ್ಯೂಸ್ ಮತ್ತು ಅರೆದ ಹಣ್ಣಿಗೆ ಇನ್ಸುಲಿನ್ ಜಾಸ್ತಿ ಸುರಿಯಿತು. ಜ್ಯೂಸ್ ಕುಡಿದ ಮೇಲೆ ಸಕ್ಕರೆ ಏರಿದ್ದು ಧಡಕ್ಕನೆ ಕೆಳಗೆ ಬಿತ್ತು. ಇಡೀ ಹಣ್ಣಿನಲ್ಲಿ ಹಾಗೆ ಬೀಳಲಿಲ್ಲ.

ಸಕ್ಕರೆ ಅದೇ, ಹಣ್ಣು ಅದೇ. ಬದಲಾದದ್ದು ನಾರು ಮತ್ತು ಅದರ ಕಟ್ಟಡ.

ಈಗ ನಮ್ಮ ಕಾಸ್ಟ್ ಅಕೌಂಟಿಂಗ್‌ಗೆ ಬನ್ನಿ. ಪ್ರೊಸೆಸ್ ಅಕೌಂಟ್‌ನಲ್ಲಿ 'ನಾರ್ಮಲ್ ಲಾಸ್' ಅಂತ ಬರೀತೀವಿ ನೋಡಿ, ತಯಾರಿಯಲ್ಲಿ ಸಹಜವಾಗಿ ಹೋಗೋದು, ಅದಕ್ಕೆ ಬೆಲೆ ಕಟ್ಟಲ್ಲ, ಸ್ಕ್ರ್ಯಾಪ್ ಮಾರಿದರೆ ಬಂದದ್ದು ಮಾತ್ರ ಕಳೀತೀವಿ. ಜ್ಯೂಸ್ ಅಂಗಡಿಯಲ್ಲಿ ಆ ನಾರ್ಮಲ್ ಲಾಸ್ ಅಂದರೆ ಹಿಪ್ಪೆ. ನಮ್ಮಲ್ಲಿ ಸಂಜೆ ಹಾಲಿನವರು ಬಂದು ಗೋಣಿಚೀಲದಲ್ಲಿ ತುಂಬ್ಕೊಂಡು ಹೋಗ್ತಾರೆ, ಹಸುಗಳಿಗೆ. ಫ್ಲಾರಿಡಾದಲ್ಲೂ ಕಿತ್ತಳೆ ಸಿಪ್ಪೆ, ಹಿಪ್ಪೆ ಒಣಗಿಸಿ ದನಗಳ ಮೇವಾಗಿ ಮಾರ್ತಾರೆ.

ಆ ಹಿಪ್ಪೆಯಲ್ಲಿ ಏನಿರುತ್ತೆ? ತೊಳೆಯ ಪೊರೆ, ಬಿಳಿ ನಾರು, ಅದರೊಳಗಿನ ಪೆಕ್ಟಿನ್. ಪೆಕ್ಟಿನ್‌ನಂಥ ಕರಗುವ ನಾರು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಹಾಕುತ್ತೆ. ಹೊಸ ಪಿತ್ತ ಮಾಡೋಕೆ ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲ್ ಬಳಸಬೇಕಾಗುತ್ತೆ, ಹಾಗಾಗಿ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತೆ. ನಾವು ಲಾಸ್ ಅಂತ ಬರೆದದ್ದು ಹಾರ್ಟ್‌ನ ಪುಸ್ತಕದಲ್ಲಿ ಲಾಭದ ಕಡೆ ಇತ್ತು.

7/9 · ಹಾರ್ಟ್ ಹೆಸರಲ್ಲಿ ಮಾರಾಟ

ಆದರೆ 1977ರ ಒಂದು ಪ್ರಯೋಗದಿಂದ ಮಾರುಕಟ್ಟೆ ನಿಲ್ಲುತ್ತಾ? ವಿಟಮಿನ್ ಹಳೆಯದಾಯ್ತು, ಆಸಿಡೋಸಿಸ್ ಮರೆತೇಹೋಯ್ತು. ಈಗ ಜನರ ದೊಡ್ಡ ಭಯ ಹಾರ್ಟ್. ಜ್ಯೂಸ್ ಅಲ್ಲಿಗೂ ಬಂತು.

ಮೊದಲು ಸರಿಯಾದ ಭಾಗ ಹೇಳ್ತೀನಿ. ಕಿತ್ತಳೆ ರಸದಲ್ಲಿ ಪೊಟ್ಯಾಷಿಯಂ ಚೆನ್ನಾಗಿದೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ ಇರುವ ಆಹಾರ ಬಿಪಿ ಮತ್ತು ಪಾರ್ಶ್ವವಾಯು ಅಪಾಯವನ್ನ ತಗ್ಗಿಸಬಹುದು ಅಂತ ಲೇಬಲ್ ಮೇಲೆ ಬರೆಯೋಕೆ ಅಮೆರಿಕದ ಎಫ್‌ಡಿಎ 2000ದಲ್ಲಿ ದಾರಿ ಮಾಡಿಕೊಟ್ಟಿತು.

'ಬಹುದು' ಅನ್ನೋ ಪದ ಜಾಹೀರಾತಿಗೆ ಹೋದಾಗ ಕಳೆದುಹೋಗುತ್ತೆ. ಟ್ರಾಪಿಕಾನಾದ 'ಹೆಲ್ದಿ ಹಾರ್ಟ್' ಜ್ಯೂಸ್‌ನ ಜಾಹೀರಾತುಗಳು ದಿನಕ್ಕೆ ಎರಡು ಮೂರು ಗ್ಲಾಸ್ ಕುಡಿದರೆ ಬಿಪಿ, ಕೊಲೆಸ್ಟ್ರಾಲ್ ಮೇಲೆ ಭಾರಿ ಪರಿಣಾಮ ಆಗುತ್ತೆ ಅನ್ನುವಂತೆ ಹೇಳಿದವು. ಅದಕ್ಕೆ ತಕ್ಕ ಪುರಾವೆ ಇಲ್ಲ ಅಂತ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ ಆರೋಪ ಹೊರಿಸಿತು. 2005ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ದಾಳಿಂಬೆಯದು ಇನ್ನೂ ದೊಡ್ಡ ಕೇಸ್. ಪಾಮ್ ವಂಡರ್‌ಫುಲ್ ಅನ್ನೋ ಕ್ಯಾಲಿಫೋರ್ನಿಯಾ ಕಂಪನಿಯ ಜ್ಯೂಸ್ ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ಇವನ್ನೆಲ್ಲ ತಡೆಯುತ್ತೆ ಅನ್ನೋ ಧಾಟಿಯ ಜಾಹೀರಾತುಗಳ ಮೇಲೆ ಎಫ್‌ಟಿಸಿ 2010ರಲ್ಲಿ ದೂರು ಹಾಕಿತು. 2013ರಲ್ಲಿ ಆಯೋಗ ಅವು ದಾರಿ ತಪ್ಪಿಸುವಂಥವು ಅಂತ ತೀರ್ಮಾನಿಸಿತು. 2015ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನ ಬಹುಪಾಲು ಎತ್ತಿಹಿಡಿಯಿತು.

1916ರ ಕಿತ್ತಳೆ, ನಮ್ಮ ಕಾಲದ ದಾಳಿಂಬೆ. ಎರಡರಲ್ಲೂ ವ್ಯಾಪಾರದ ದಾರಿ ಒಂದೇ: ಮೊದಲು ಎಕರೆಗಟ್ಟಲೆ ತೋಟ, ಆಮೇಲೆ ಆ ಬೆಳೆಯನ್ನ ಕುಡಿಸೋಕೆ ಒಂದು ಕಾಯಿಲೆಯ ಭಯ.

ನಾನು ಇದನ್ನ ಕಂಪನಿಗಳನ್ನ ಬೈಯೋಕೆ ಬರೀತಿಲ್ಲ. ನಮ್ಮ ಅಂಗಡಿಯ ಬೋರ್ಡ್ ಮೇಲೂ ಇತ್ತೀಚಿನವರೆಗೆ 'ಹೃದಯಕ್ಕೆ ಹಿತ: ದಾಳಿಂಬೆ ಜ್ಯೂಸ್' ಅಂತ ಇತ್ತು. ಅದನ್ನ ಬರೆದದ್ದು ನಾನೇ, ಎಂಟನೇ ಕ್ಲಾಸ್‌ನಲ್ಲಿದ್ದಾಗ, ಕೆಂಪು ಪೇಂಟ್‌ನಲ್ಲಿ. ಪುರಾವೆ ಯಾರು ಕೇಳಿದ್ದರು?

8/9 · ಲಕ್ಷಾಂತರ ಜನರ ಲೆಕ್ಕ

ಹಾಗಾದರೆ ಪುರಾವೆ ಏನು ಹೇಳುತ್ತೆ? ಹಣ್ಣಿನ ಕಡೆ ಮೊದಲು ನೋಡೋಣ.

2004ರಲ್ಲಿ ಬಂದ 'ಇಂಟರ್‌ಹಾರ್ಟ್' ಅಧ್ಯಯನ 52 ದೇಶಗಳ ಸುಮಾರು 30,000 ಜನರನ್ನು ನೋಡಿತು. ಅರ್ಧ ಜನ ಮೊದಲ ಸಲ ಹಾರ್ಟ್ ಅಟ್ಯಾಕ್ ಆದವರು, ಅರ್ಧ ಆಗದವರು. ಇದರ ಮುಂದಾಳು ಸಲೀಂ ಯೂಸುಫ್, ಕೇರಳ ಮೂಲದವರು, ಡಾಕ್ಟರ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಅಪಾಯದ ಬಹುಪಾಲನ್ನು ಒಂಬತ್ತು ಅಂಶಗಳಿಂದ ವಿವರಿಸಬಹುದು ಅಂತ ಅವರು ತೋರಿಸಿದರು. ಸಿಗರೇಟ್, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇತ್ಯಾದಿ ಜೊತೆ ಒಂದು ಅಂಶ: ದಿನಾ ಹಣ್ಣು ತರಕಾರಿ ತಿನ್ನದಿರೋದು. ಅದೇ ಅಧ್ಯಯನದಿಂದ ಇನ್ನೊಂದು ಸಂಗತಿ ಹೊರಬಂತು. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ಕ್ಕೆ, ಬೇರೆಯವರಿಗೆ ಸುಮಾರು 59ಕ್ಕೆ. ಅಪ್ಪನ 51 ನೆನಪಾಯ್ತು.

2016ರಲ್ಲಿ ಚೀನಾದ ಸುಮಾರು 5 ಲಕ್ಷ ಜನರ ಅಧ್ಯಯನ ಬಂತು. ದಿನಾ ತಾಜಾ ಹಣ್ಣು ತಿನ್ನೋರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು, ಹಣ್ಣು ತಿನ್ನದವರಿಗಿಂತ ಸುಮಾರು 40% ಕಡಿಮೆ.

ಜ್ಯೂಸ್ ಕಡೆ ಚಿತ್ರ ಇಷ್ಟು ನೇರವಾಗಿಲ್ಲ. ಅಮೆರಿಕದ ನರ್ಸ್‌ಗಳು ಮತ್ತು ಆರೋಗ್ಯ ಸಿಬ್ಬಂದಿಯ 1999ರ ಅಧ್ಯಯನದಲ್ಲಿ ಪಾರ್ಶ್ವವಾಯು ಕಡಿಮೆ ಮಾಡುವ ಪಟ್ಟಿಯಲ್ಲಿ ಕಿತ್ತಳೆ ಜಾತಿಯ ಹಣ್ಣಿನ ಜೊತೆ ಅವುಗಳ ಜ್ಯೂಸ್ ಕೂಡ ಇತ್ತು. 2013ರಲ್ಲಿ ಇಂಥದ್ದೇ ಗುಂಪುಗಳ 1,87,382 ಜನರಲ್ಲಿ ಎರಡನ್ನೂ ಬೇರೆ ಮಾಡಿ ನೋಡಿದರು. ಈ ಸಲ ಡಯಾಬಿಟಿಸ್ ವಿಷಯ. ಇಡೀ ದ್ರಾಕ್ಷಿ, ಸೇಬು ತಿಂದವರಿಗೆ ಅಪಾಯ ಕಡಿಮೆ, ಜ್ಯೂಸ್ ಕುಡಿದವರಿಗೆ ಹೆಚ್ಚು. ಡಯಾಬಿಟಿಸ್ ಹಾರ್ಟ್‌ಗೆ ದಾರಿ ಅನ್ನೋದು ಮೇಲಿನ ಪಟ್ಟಿಯಲ್ಲೇ ಇದೆ.

ಇನ್ನು ನೆದರ್‌ಲ್ಯಾಂಡ್ಸ್‌ನ 2019ರ ಅಧ್ಯಯನದಲ್ಲಿ ವಾರಕ್ಕೆ ಏಳು ಗ್ಲಾಸ್ ಒಳಗೆ ಶುದ್ಧ ಜ್ಯೂಸ್ ಕುಡಿಯೋರಿಗೆ ಹೃದ್ರೋಗದ ಅಪಾಯ ಸ್ವಲ್ಪ ಕಡಿಮೆಯೇ ಕಂಡಿತು. ಅದೇ ವರ್ಷ ಅಮೆರಿಕದ 13,440 ಜನರ ಲೆಕ್ಕದಲ್ಲಿ ದಿನಕ್ಕೆ ಒಂದೊಂದು ದೊಡ್ಡ ಗ್ಲಾಸ್ ಜ್ಯೂಸ್ ಹೆಚ್ಚಾದಂತೆ ಒಟ್ಟು ಸಾವಿನ ಅಪಾಯ 24% ಹೆಚ್ಚು. ಆದರೆ ಹಾರ್ಟ್ ಸಾವಿನಲ್ಲಿ ಆ ಸಂಬಂಧ ಕಾಣಲಿಲ್ಲ.

ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ನೆನಪಿಟ್ಕೊಳ್ಳಿ: ಜೊತೆಗಿರೋದೆಲ್ಲ ಕಾರಣ ಅಲ್ಲ. ದಿನಾ ಹಣ್ಣು ತಿನ್ನೋರು ಸಾಮಾನ್ಯವಾಗಿ ಓದಿದವರು, ಅನುಕೂಲಸ್ಥರು, ಸಿಗರೇಟ್ ಕಡಿಮೆ ಸೇದೋರು. ಸಂಶೋಧಕರು ಅದನ್ನೆಲ್ಲ ಲೆಕ್ಕ ಹಾಕಿ ಕಳೆದರೂ ಸ್ವಲ್ಪ ಉಳಿದೇ ಇರುತ್ತೆ. ಆದರೂ ಒಟ್ಟು ನೋಡಿದರೆ ಹಣ್ಣಿನ ಉತ್ತರ ಹೋದಕಡೆಯೆಲ್ಲ ಒಂದೇ. ಜ್ಯೂಸ್‌ನ ಉತ್ತರ ಗ್ಲಾಸ್ ಎಷ್ಟು ದೊಡ್ಡದು, ದಿನಕ್ಕೆ ಎಷ್ಟು ಅನ್ನೋದರ ಮೇಲೆ ನಿಂತಿದೆ.

9/9 · ಅಪ್ಪನಿಗೆ ಉತ್ತರ

ಒಂದು ಮಧ್ಯಮ ಗಾತ್ರದ ಕಿತ್ತಳೆಯಲ್ಲಿ ಸುಮಾರು 12 ಗ್ರಾಂ ಸಕ್ಕರೆ, 3 ಗ್ರಾಂ ನಾರು. 240 ಎಂಎಲ್ ಗ್ಲಾಸ್ ಕಿತ್ತಳೆ ರಸದಲ್ಲಿ ಸುಮಾರು 21 ಗ್ರಾಂ ಸಕ್ಕರೆ, ನಾರು ಅರ್ಧ ಗ್ರಾಂ. ಅದೇ ಅಳತೆಯ ಕೋಲಾದಲ್ಲಿ ಸಕ್ಕರೆ ಸುಮಾರು 25 ಗ್ರಾಂ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದ ಸಕ್ಕರೆಯನ್ನೂ 'ಫ್ರೀ ಶುಗರ್' ಪಟ್ಟಿಗೇ ಸೇರಿಸಿತು, ಚಮಚದಲ್ಲಿ ಹಾಕೋ ಸಕ್ಕರೆ ಜೊತೆಗೆ. ಇಡೀ ಹಣ್ಣಿನೊಳಗಿನ ಸಕ್ಕರೆ ಆ ಪಟ್ಟಿಯಲ್ಲಿಲ್ಲ. 2024ರಲ್ಲಿ ಬಂದ ನಮ್ಮ ಐಸಿಎಂಆರ್ ಮಾರ್ಗಸೂಚಿ, 100 ಎಂಎಲ್ ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇದೆ, ಬೇಸಿಗೆಯಲ್ಲಿ ಜೋಪಾನ ಅಂದಿತು. ಅದೇ ವರ್ಷ ಎಫ್‌ಎಸ್‌ಎಸ್‌ಎಐ, ಗಟ್ಟಿ ರಸಕ್ಕೆ ನೀರು ಬೆರೆಸಿ ಮಾಡಿದ ಪ್ಯಾಕೆಟ್ ಜ್ಯೂಸ್ ಮೇಲಿಂದ '100% ಹಣ್ಣಿನ ರಸ' ಅನ್ನೋ ಮಾತು ತೆಗೆಯಿರಿ ಅಂತ ಆದೇಶಿಸಿತು.

ಇದನ್ನೆಲ್ಲ ಅಪ್ಪನಿಗೆ ಒಂದು ಭಾನುವಾರ ಕೂತು ಹೇಳಿದೆ. ಕೇಳಿದರು. ತುಂಬಾ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಂಗಡಿ ಮುಚ್ಚೋಣ ಅಂತೀಯಾ?" ಅಂದರು.

ಇಲ್ಲ ಅಂದೆ. ಬಿಸಿಲಲ್ಲಿ ಬಂದವರು ವಾರಕ್ಕೊಮ್ಮೆ ಒಂದು ಗ್ಲಾಸ್ ಕುಡಿದರೆ ಅವರ ಹಾರ್ಟ್ ಕೆಡಲ್ಲ. ಜ್ಯೂಸ್ ವಿಷ ಅಲ್ಲ. ಅದು ಹಣ್ಣಿನ ಬದಲಿ ಅಲ್ಲ, ಊಟದ ಬದಲಿಯಂತೂ ಅಲ್ಲವೇ ಅಲ್ಲ. ಅಪ್ಪ ವರ್ಷಗಟ್ಟಲೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರೋಕೆ ಟೈಮ್ ಇಲ್ಲ ಅಂತ ಎರಡು ದೊಡ್ಡ ಗ್ಲಾಸ್ ಮೂಸಂಬಿ ಕುಡಿದು ನಿಂತೇ ಇರ್ತಿದ್ದರು, 'ಹಣ್ಣೇ ತಾನೇ' ಅಂತ. ನಾನು ಬದಲಾಯಿಸಬೇಕು ಅಂದದ್ದು ಅದನ್ನ.

ಅಂಗಡಿಯಲ್ಲಿ ಎರಡು ಬದಲಾವಣೆ ಮಾಡಿದ್ವಿ. ನಾನು ಬರೆದ 'ಹೃದಯಕ್ಕೆ ಹಿತ' ಬೋರ್ಡ್ ಇಳಿಸಿದ್ವಿ. ಪಪ್ಪಾಯ, ಅನಾನಸ್, ಸೀಬೆ, ಕಲ್ಲಂಗಡಿ ಹೆಚ್ಚಿದ ಪ್ಲೇಟ್ ಶುರು ಮಾಡಿದ್ವಿ. ಪ್ರಾಮಾಣಿಕವಾಗಿ ಹೇಳ್ತೀನಿ, ವ್ಯಾಪಾರ ಅಷ್ಟಕ್ಕಷ್ಟೇ. ದಿನಕ್ಕೆ 120 ಗ್ಲಾಸ್ ಜ್ಯೂಸ್ ಹೋಗೋ ಕಡೆ 15 ಪ್ಲೇಟ್. ಹೆಚ್ಚೋಕೆ ಒಬ್ಬರ ಕೈಕೆಲಸ ಬೇಕು, ಉಳಿದದ್ದು ಸಂಜೆಗೆ ಹಾಳು. ಲಾಸ್ಕರ್‌ಗೆ ಗೊತ್ತಿದ್ದದ್ದು ನನಗೂ ಗೊತ್ತಾಯ್ತು: ಹಣ್ಣು ಮಾರೋದಕ್ಕಿಂತ ರಸ ಮಾರೋದು ಸುಲಭ. ಆದರೂ ಪ್ಲೇಟ್ ನಿಲ್ಲಿಸಿಲ್ಲ.

ನಿಮ್ಮಿಂದ ಒಂದೇ ಕೆಲಸ ಆಗಬೇಕು. ಮುಂದಿನ ಸಲ ಯಾರನ್ನಾದರೂ ಆಸ್ಪತ್ರೆಗೆ ನೋಡೋಕೆ ಹೋಗುವಾಗ ಜ್ಯೂಸ್ ಪ್ಯಾಕೆಟ್ ಬದಲು ನಾಲ್ಕು ಹಣ್ಣು ತಗೊಂಡು ಹೋಗಿ. ಕಿಡ್ನಿ ತೊಂದರೆ ಅಥವಾ ಶುಗರ್ ಇದ್ದವರಾದರೆ ಯಾವ ಹಣ್ಣು ಕೊಡಬಹುದು ಅಂತ ಮನೆಯವರನ್ನ ಮೊದಲು ಕೇಳಿ. ನಾನು ಬಿಕಾಂ, ಡಾಕ್ಟರ್ ಅಲ್ಲ.

ಈಗ ಮಧ್ಯಾಹ್ನ ಊಟದ ಡಬ್ಬಿ ಅಮ್ಮ ಕಳಿಸ್ತಾರೆ. ನಾಲ್ಕು ಗಂಟೆಗೆ ಅಪ್ಪ ಸ್ಟೂಲ್ ಮೇಲೆ ಕೂತು ಒಂದು ಮೂಸಂಬಿ ಸುಲೀತಾರೆ. ತೊಳೆ ಬಿಡಿಸಿ, ಬೀಜ ಉಗಿದು, ಪೊರೆ ಸಮೇತ ಅಗೀತಾರೆ. ನಿನ್ನೆ ಗಿರಾಕಿ ಕಾಯ್ತಾ ನಿಂತಿದ್ದಾಗ ನನ್ನ ಕಡೆ ನೋಡಿ ಗೊಣಗಿದರು:

"ಒಂದು ಹಣ್ಣಿಗೆ ಇಷ್ಟು ಹೊತ್ತು ಬೇಕೇನೇ?"

ಬೇಕು ಅಪ್ಪಾ.

ಸೇವ್ ಮಾಡ್ಕೊಳ್ಳಿ, ಮನೆಯವರಿಗೆ ಓದಿ ಹೇಳಿ. ನಿಮ್ಮನೇಲಿ ಹಣ್ಣು ಸುಲಿದು ಎಲ್ಲರಿಗೂ ಹಂಚೋರು ಯಾರು ಅಂತ ಕಾಮೆಂಟ್‌ನಲ್ಲಿ ಬರೀರಿ.

#ಬಿಕಾಂ_ಹಿಸ್ಟರಿ #ಹಿಪ್ಪೆಯ_ಲೆಕ್ಕ #ಹಣ್ಣು_ತಿನ್ನಿ